ಒಂದೇ ಗಣಕಯಂತ್ರ, ಎರಡು ಸಂಸಾರ

ಗದಗ ಮತ್ತು ಬೆಟಗೇರಿ ಎರಡು ಊರುಗಳು, ಆದರೆ ನಗರಸಭೆ ಒಂದೇ. ನಮ್ಮ ಮನೆಯ ಗಣಕಯಂತ್ರದಲ್ಲಿಯೂ ಅಂಥದೇ ಏರ್ಪಾಡು ಇದೆ. ಯಂತ್ರ ಒಂದು, ಅದರೊಳಗೆ ಆಪರೇಟಿಂಗ್ ಸಿಸ್ಟಂ ಎರಡು. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ನಾವೇ ಆರಿಸಿಕೊಳ್ಳಬೇಕು. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲು ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ. ‘ಇದನ್ನು ಗುಜರಿಗೆ ಹಾಕುವುದೇ, ಇಲ್ಲವೇ ಎಲ್ಲ ಅಳಿಸಿ ಬೇರೆಯದನ್ನು ಹಾಕುವುದೇ’ ಎಂದು ಪಾಲಕರು ಕೇಳುತ್ತಾರೆ. ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ತಿಳಿಯಬೇಕಾದರೆ ಇತಿಹಾಸವನ್ನು ಸ್ವಲ್ಪ ನೋಡಬೇಕು.

1981ರಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಆ ಕಾಲದಲ್ಲಿ ಅದಕ್ಕೆ ಪಿಸಿ ಡಾಸ್ ಅಲ್ಲದೆ ಸಿಪಿ/ಎಂ-86 ಮುಂತಾದ ಬೇರೆ ಆಪರೇಟಿಂಗ್ ಸಿಸ್ಟಂಗಳೂ ಸಿಗುತ್ತಿದ್ದವು. ಯಾವ ಫ್ಲಾಪಿ ಹಾಕಿದರೆ ಆ ಸಿಸ್ಟಂ ಏಳುತ್ತಿತ್ತು. 1983ರಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಬಂದಿತು. ಅದರೊಂದಿಗೆ ಬಂದ ಡಾಸ್ 2.0, ಡಿಸ್ಕಿನ ಮೊದಲ ಭಾಗದಲ್ಲಿ ನಾಲ್ಕು ಸಾಲಿನ ಒಂದು ಸಣ್ಣ ಕೋಷ್ಟಕವನ್ನು ಇರಿಸಿತು. ಒಂದು ಹೊಲವನ್ನು ಹಿಸ್ಸೆ ಮಾಡಿ ಉತಾರದಲ್ಲಿ ಬರೆದಂತೆ, ಯಾವ ಭಾಗ ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. ಈ ಹಿಸ್ಸೆಗೇ ಪಾರ್ಟಿಷನ್ ಎಂದು ಹೆಸರು. ಒಂದು ಡಿಸ್ಕಿನಲ್ಲಿ ಎರಡು ಸಂಸಾರ ಹೂಡಲು ದಾರಿಯಾದದ್ದು ಈ ಉತಾರದಿಂದಲೇ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ರಚಿಸಿದರು. ಅವರ ಯಂತ್ರದಲ್ಲಿ ಅಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಅವರ ಮಿನಿಕ್ಸ್ ಇತ್ತು. ಅದರ ಆಸರೆಯಲ್ಲಿಯೇ ಲಿನಕ್ಸ್ ಬೆಳೆಯಿತು. ಒಂದು ದಿನ ಮೋಡೆಮ್‌ಗೆ ಕಳಿಸಬೇಕಾದ ಆಜ್ಞೆಗಳನ್ನು ಲಿನಸ್ ತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿದರು. ಮಿನಿಕ್ಸ್ ಇದ್ದ ಹಿಸ್ಸೆಯೇ ಕೆಟ್ಟುಹೋಯಿತು. ಅವರು ಮತ್ತೆ ಮಿನಿಕ್ಸ್ ಹಾಕದೆ ಲಿನಕ್ಸನ್ನೇ ನೆಚ್ಚಿ ಮುಂದುವರಿದರು. ಅಂಥ ಜಾಣರಿಂದಲೂ ಇಂಥ ತಪ್ಪು ಆಗಿದೆ ಎಂಬುದನ್ನು ವಿದ್ಯಾರ್ಥಿ ಮಿತ್ರರು ನೆನಪಿಡಬೇಕು.

ಮುಂದೆ ಯಂತ್ರ ಏಳುವಾಗ ‘ಯಾವುದು ಬೇಕು’ ಎಂದು ಕೇಳುವ ಸಣ್ಣ ತಂತ್ರಾಂಶಗಳು ಬಂದವು. 1992ರ ಸುಮಾರಿಗೆ ಲಿಲೋ, 1995ರಲ್ಲಿ ಗ್ರಬ್. ಅದೇ 1995ರಲ್ಲಿ ಬಂದ ವಿಂಡೋಸ್ 95, ತನ್ನನ್ನು ಹಾಕುವಾಗ ಡಿಸ್ಕಿನ ಆರಂಭದ ಸೂಚನೆಗಳ ಮೇಲೆ ತನ್ನದೇ ಸೂಚನೆ ಬರೆಯುತ್ತಿತ್ತು. ಮೊದಲಿದ್ದ ಲಿನಕ್ಸ್ ಡಿಸ್ಕಿನಲ್ಲಿ ಇದ್ದರೂ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ರೂಢಿ ಬೆಳೆದದ್ದು ಹೀಗೆ. 2004ರಲ್ಲಿ ಬಂದ ಉಬುಂಟು, ಕೇಳಿದವರ ಮನೆಗೆ ಉಚಿತವಾಗಿ ಸಿಡಿ ಕಳಿಸುತ್ತಿತ್ತು. 2011ರವರೆಗೆ ಈ ಸೌಲಭ್ಯ ಇತ್ತು.

ಹಾಗಾದರೆ ಪೂರ್ತಿ ಲಿನಕ್ಸ್‌ಗೆ ಹೋಗಬಾರದೇ? ಇಲ್ಲಿ ನಮ್ಮ ಎರಡು ಭಾಷೆಗಳ ಸಂಗತಿ ಬರುತ್ತದೆ. ಮುದ್ರಣಕ್ಕೆ ಹೆಸರಾದ ಗದುಗಿನಲ್ಲಿ ಕನ್ನಡದ ಅಚ್ಚುಮೊಳೆ ಜೋಡಿಸುವವರಿಗೆ ಕೊರತೆ ಇರಲಿಲ್ಲ. ಉರ್ದುವಿನ ನಸ್ತಾಲೀಖ್ ಬರಹಕ್ಕೆ ಮಾತ್ರ ಕಾತಿಬರೇ ಬೇಕಾಗಿತ್ತು. 1981ರಲ್ಲಿ ಅಹ್ಮದ್ ಮಿರ್ಜಾ ಜಮೀಲ್ ಅವರ ನೂರಿ ನಸ್ತಾಲೀಖ್ ಗಣಕಯಂತ್ರಕ್ಕೆ ಬಂದಿತು. 1994ರಲ್ಲಿ ಬಂದ ಇನ್‌ಪೇಜ್ ಅದನ್ನು ಸಾಮಾನ್ಯರ ಮೇಜಿಗೆ ತಂದಿತು. ಕನ್ನಡಕ್ಕೆ 1998ರಲ್ಲಿ ಬರಹ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಇವೆಲ್ಲ ವಿಂಡೋಸ್ ನಂಬಿ ಬೆಳೆದವು. ಕನ್ನಡ ಮತ್ತು ಅರಬ್ಬಿ ಲಿಪಿಗಳೆರಡಕ್ಕೂ 1991ರಲ್ಲಿಯೇ ಯುನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತ್ತು. ಆದರೆ ಹಳೆಯ ಇನ್‌ಪೇಜ್ ಕಡತಕ್ಕೆ ತನ್ನದೇ ಗುಪ್ತ ಸಂಕೇತ. ಹಳೆಯ ನುಡಿ ಕಡತವನ್ನು ಅದರ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಿಕ್ಷಕ ಗೆಳೆಯರು ತರುವ ಪೆನ್ ಡ್ರೈವ್‌ಗಳಲ್ಲಿ ಇಂಥ ಪ್ರಶ್ನೆಪತ್ರಿಕೆಗಳು, ಸ್ಮರಣ ಸಂಚಿಕೆಗಳು ಇಂದಿಗೂ ಇರುತ್ತವೆ.

ನನ್ನ ಅನುಭವವನ್ನೂ ಹೇಳಬೇಕು. ಬಿ.ಇಡಿ. ಓದುವಾಗ ಮನೆಯ ಯಂತ್ರಕ್ಕೆ ಲಿನಕ್ಸ್ ಹಾಕಲು ಕುಳಿತೆ. ‘ವಿಂಡೋಸ್ ಜೊತೆಗೆ ಹಾಕು’, ‘ಡಿಸ್ಕ್ ಅಳಿಸಿ ಹಾಕು’ ಎಂಬ ಎರಡು ಆಯ್ಕೆ ಬಂದವು. ಅವಸರದಲ್ಲಿ ಎರಡನೆಯದನ್ನು ಒತ್ತಿದೆ. ಲಕ್ಷ್ಮೇಶ್ವರ ಸೀಮೆಯ ಹಿರಿಯರ ನೆನಪುಗಳನ್ನು ಅಬ್ಬಾ ಇನ್‌ಪೇಜಿನಲ್ಲಿ ನಲವತ್ತು ಪುಟ ಬರೆಸಿದ್ದರು. ಮುದ್ರಿಸಿದ್ದ ಹನ್ನೆರಡು ಪುಟ ಟ್ರಂಕಿನಲ್ಲಿ ಉಳಿದಿದ್ದವು, ಉಳಿದದ್ದು ಹೋಯಿತು. ಅಬ್ಬಾ ಬೈಯಲಿಲ್ಲ. “ಮತ್ತ ಹೇಳತೀನಿ, ಬರಕೋ” ಎಂದರು. ಹೇಳಲು ಕುಳಿತಾಗ ಎಷ್ಟೋ ಹೆಸರುಗಳು ಅವರಿಗೆ ನೆನಪಾಗಲಿಲ್ಲ.

ಆದ್ದರಿಂದ ಮೊದಲ ಕೆಲಸ, ಎಲ್ಲ ಕಡತಗಳ ನಕಲನ್ನು ಹೊರಗಿನ ಡಿಸ್ಕಿನಲ್ಲಿ ಇಟ್ಟು, ತೆರೆದು ನೋಡುವುದು. ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಹಿಸ್ಸೆಯನ್ನು ಲಿನಕ್ಸ್‌ನಿಂದ ಮುಟ್ಟುವುದು ಅಪಾಯ. ನಂತರ ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಅದರ ಹಿಸ್ಸೆಯನ್ನು ಕುಗ್ಗಿಸಿ ಕನಿಷ್ಠ 25 ಗಿಗಾಬೈಟ್, ಸಾಧ್ಯವಾದರೆ 50, ಖಾಲಿ ಬಿಡಬೇಕು. ಲಿನಕ್ಸನ್ನು ಮೊದಲು ಪೆನ್ ಡ್ರೈವ್‌ನಿಂದಲೇ ನಡೆಸಿ, ಧ್ವನಿ, ವೈಫೈ, ಪ್ರಿಂಟರ್ ಸರಿ ಇವೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ‘ವಿಂಡೋಸ್ ಜೊತೆಗೆ’ ಎಂಬುದನ್ನು ಎರಡು ಸಲ ಓದಿ ಒತ್ತಬೇಕು. ವಿಂಡೋಸ್ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಿದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದೊಳಗೆ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯ ಇಡಲು ಸೂಚಿಸಿದರೆ ಸಾಕು.

ಈಗ ನಮ್ಮ ಮನೆಯಲ್ಲಿ ಇಂಟರ್ನೆಟ್ ಮತ್ತು ಹೊಸ ಬರವಣಿಗೆ ಲಿನಕ್ಸ್‌ನಲ್ಲಿ. ಕನ್ನಡಕ್ಕೆ ಗುಬ್ಬಿ, ನವಿಲು, ಉರ್ದುವಿಗೆ ನೋಟೋ ನಸ್ತಾಲೀಖ್ ಎಂಬ ಉಚಿತ ಅಕ್ಷರಶೈಲಿಗಳು ಅಲ್ಲಿವೆ. ಹಳೆಯ ವಿಂಡೋಸ್‌ಗೆ ಇಂಟರ್ನೆಟ್ ಕೊಡದೆ, ಹಳೆಯ ಕಡತಗಳನ್ನು ತೆರೆದು ಯುನಿಕೋಡ್‌ಗೆ ತರಲು ಮಾತ್ರ ಬಳಸುತ್ತೇವೆ.

ಕೇರಳದ ಶಾಲೆಗಳಲ್ಲಿ ಲಿನಕ್ಸ್ ವರ್ಷಗಳಿಂದ ಬಳಕೆಯಲ್ಲಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮ ಜಿಲ್ಲೆಗೆ ಇದು ಕಷ್ಟವಲ್ಲ. ಹಲವರು ಕೂಡಿ ಕಟ್ಟಿ ಎಲ್ಲರೂ ಉಣ್ಣುವ ಪದ್ಧತಿಯನ್ನು 1905ರಲ್ಲಿಯೇ ಕಣಗಿನಹಾಳದ ಸಹಕಾರ ಸಂಘ ತೋರಿಸಿಕೊಟ್ಟಿದೆ. ಲಿನಕ್ಸ್ ಕಟ್ಟಿದ್ದೂ ಹಾಗೆಯೇ. ಪಾಲಕರಲ್ಲಿ ಮತ್ತು ಶಿಕ್ಷಕ ಬಂಧುಗಳಲ್ಲಿ ನನ್ನದು ಒಂದೇ ವಿನಂತಿ. ಈ ರಜೆಯಲ್ಲಿ ಮನೆಯ ಹಳೆಯ ಯಂತ್ರವನ್ನು ಒಮ್ಮೆ ತೆರೆಯಿರಿ. ಅದರಲ್ಲಿ ಯಾರ ಬರಹ ಇದೆ ನೋಡಿ, ನಕಲು ಮಾಡಿ. ಬರೆಸಿದ ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಎರಡನೆಯ ಸಂಸಾರಕ್ಕೆ ಜಾಗ ಮಾಡುವುದು ಆಮೇಲಿನ ಕೆಲಸ.