ಕಬ್ಬಿನ ನಾಡಿನ ತಿರುಗುಯಂತ್ರಗಳು ಮತ್ತು ಸಂಶೋಧಕರ ತರಬೇತಿ: ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಆಸರೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬಿನ ನಾಡೆಂದು ಹೆಸರಾಗಿವೆ. ಎತ್ತು ಕಟ್ಟಿದ ಗಾಣದ ಕಾಲ ಸರಿದ ಮೇಲೆ ಕಬ್ಬು ನುರಿಸುವ ರೋಲರು, ಉಗಿ ಟರ್ಬೈನು, ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್, ನದಿಯ ನೀರೆತ್ತುವ ಪಂಪು ಇಲ್ಲಿ ನೆಲೆಯೂರಿದವು. ಓಡುತ್ತಿರುವ ಯಂತ್ರದ ಸ್ಥಿತಿಯನ್ನರಿತು, ಅದು ಕೆಡುವ ಮುನ್ನವೇ ಸೂಚನೆ ನೀಡಬಲ್ಲ ಪಿಎಚ್.ಡಿ. ಸಂಶೋಧಕರ ತರಬೇತಿಗೆ ಈ ನೆಲ ಏನನ್ನು ಕೊಡಬಲ್ಲದು ಎಂಬುದು ವಿಚಾರಾರ್ಹವಾಗಿದೆ.

ಇಂದಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಟಿ. ಸಿ. ರಾಥ್‌ಬೋನ್ ಅವರು ಯಂತ್ರದ ಕಂಪನ ಎಷ್ಟರವರೆಗೆ ಸಹ್ಯವೆಂಬುದನ್ನು ಅಳತೆಗೆ ತಂದ ಲೇಖನವನ್ನು ಪ್ರಕಟಿಸಿದರು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿರಲಿಲ್ಲ. ಕಾರ್ಖಾನೆಗಳ ಮೇಸ್ತ್ರಿಗಳು ಬೇರಿಂಗಿನ ಮೇಲೆ ಕಬ್ಬಿಣದ ಸರಳನ್ನಿಟ್ಟು ಕಿವಿಗೊಟ್ಟು ಆಲಿಸುವುದು ಬಹುಕಾಲದ ರೂಢಿಯಾಗಿತ್ತು. ಆ ಅರಿವು ಕೈಯಿಂದ ಕೈಗೆ ದಾಟಿತೇ ಹೊರತು ಬರಹಕ್ಕಿಳಿದದ್ದು ವಿರಳ.

ಎಂಜಿನಿಯರಿಂಗ್ ಶಿಕ್ಷಣ ಈ ಭಾಗಕ್ಕೆ ತಡವಾಗಿ ಬಂದಿತು. ಬೆಳಗಾವಿಯಲ್ಲಿ 1979ರಲ್ಲಿ ಕೆಎಲ್ಇ ಹಾಗೂ ಗೋಗಟೆ ತಾಂತ್ರಿಕ ಕಾಲೇಜುಗಳು ಆರಂಭಗೊಂಡವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯನ್ನೇ ಕೇಂದ್ರವಾಗಿಸಿಕೊಂಡು ಅಸ್ತಿತ್ವಕ್ಕೆ ಬಂದಿತು. ಚಿಕ್ಕೋಡಿಯಲ್ಲಿ 2008ರಲ್ಲಿ ಕೆಎಲ್ಇ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 2009ರ ಯುಜಿಸಿ ನಿಯಮಾವಳಿಯು ಪಿಎಚ್.ಡಿ. ಅಭ್ಯರ್ಥಿಗಳಿಗೆ ಕೋರ್ಸ್‌ವರ್ಕನ್ನು ಕಡ್ಡಾಯಗೊಳಿಸಿತು.

ಆದರೆ ಕೋರ್ಸ್‌ವರ್ಕ್ ಗಣಿತವನ್ನು ಕಲಿಸಬಲ್ಲದು, ಯಂತ್ರದ ಸಹವಾಸವನ್ನಲ್ಲ. ನಿಮಿಷಕ್ಕೆ 1500 ಸುತ್ತು ತಿರುಗುವ, 8 ಗುಂಡುಗಳ ಬೇರಿಂಗಿನ ಹೊರಬಳೆ ಸೀಳಿದರೆ ಸೆಕೆಂಡಿಗೆ ಸುಮಾರು 80 ಪೆಟ್ಟುಗಳು ಕಂಪನದಲ್ಲಿ ದಾಖಲಾಗುತ್ತವೆ. ಇದು ಲೆಕ್ಕಕ್ಕೆ ಸಿಗುವ ಸಂಗತಿ. ಕಬ್ಬಿನ ರೋಲರಾದರೋ ನಿಮಿಷಕ್ಕೆ ಕೆಲವೇ ಸುತ್ತು ತಿರುಗುತ್ತದೆ. ಸಾಮಾನ್ಯ ಕಂಪನಮಾಪನಕ್ಕೆ ಅದರ ದೋಷ ಸುಲಭವಾಗಿ ದಕ್ಕದು. ಎಣ್ಣೆಯಲ್ಲಿನ ಲೋಹದ ಕಣ, ಬೇರಿಂಗಿನ ಬಿಸಿ, ಧ್ವನಿತರಂಗಗಳನ್ನೂ ಒಟ್ಟಾಗಿ ಓದಬೇಕಾಗುತ್ತದೆ. ಜಗತ್ತಿನಾದ್ಯಂತ ಬಹುವಾಗಿ ಬಳಕೆಯಲ್ಲಿರುವ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ದತ್ತಾಂಶವು ವಿದ್ಯುತ್ ಕಿಡಿಯಿಂದ ಕೊರೆದ ಕೃತಕ ದೋಷಗಳದ್ದು. ತಾನಾಗಿ ಸವೆದ ಯಂತ್ರದ ಕಥೆ ಅದರಲ್ಲಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಅನುಕೂಲ ಕಬ್ಬಿನ ನಾಡಿಗಿದೆ. ನುರಿಸುವ ಹಂಗಾಮಿನಲ್ಲಿ ಯಂತ್ರಗಳು ಹಗಲಿರುಳು ಓಡುತ್ತವೆ. ಹಂಗಾಮು ಮುಗಿದೊಡನೆ ದುರಸ್ತಿಗಾಗಿ ಬಿಚ್ಚಲ್ಪಡುತ್ತವೆ. ಹಂಗಾಮಿನಲ್ಲಿ ನುಡಿದ ಮುನ್ಸೂಚನೆ ನಿಜವೋ ಸುಳ್ಳೋ ಎಂಬುದನ್ನು ಬಿಚ್ಚಿದ ಬೇರಿಂಗೇ ಹೇಳುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ದೊರೆಯುವ ಇಂತಹ ಸಾಕ್ಷ್ಯ ಪ್ರಯೋಗಾಲಯದಲ್ಲಿ ದುರ್ಲಭ. 2022ರ ನಿಯಮಾವಳಿಯಂತೆ ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ. ಅಷ್ಟರಲ್ಲಿ ಇಂತಹ ಮೂರು ಪರೀಕ್ಷೆಗಳು ಸಾಧ್ಯ.

ಇದರ ಮಹತ್ವ ಪದವಿಗಷ್ಟೇ ಸೀಮಿತವಲ್ಲ. ಕಟಾವಾದ ಕಬ್ಬು ತಡವಾದಷ್ಟೂ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಹಠಾತ್ತನೆ ನಿಂತ ಒಂದು ಗಿರಣಿಯ ಹಾನಿಯನ್ನು ಕಾರ್ಖಾನೆಯಷ್ಟೇ ಅಲ್ಲ, ಅಂಗಳದಲ್ಲಿ ಸಾಲುಗಟ್ಟಿದ ಟ್ರ್ಯಾಕ್ಟರುಗಳ ಹಿಂದಿರುವ ರೈತನೂ ಹೊರುತ್ತಾನೆ. ಮೇಸ್ತ್ರಿಯ ಕಿವಿಯ ಅನುಭವವನ್ನು ದಾಖಲೆಗಿಳಿಸಿ, ಉಪಕರಣದ ಅಳತೆಯೊಡನೆ ತಾಳೆ ನೋಡುವುದೇ ಈ ಭಾಗದ ಸಂಶೋಧಕನಿಗೆ ಸಲ್ಲುವ ಮೊದಲ ಪಾಠವಾಗಿದೆ.