ಗೋಧಿ ಆಗದವರಿಗೆ ಜೈನ ಮನೆಯ ನಾಷ್ಟಾ

ಕೊಪ್ಪಳ ತಾಲೂಕಿನ ಅಳವಂಡಿ ಕಡೆ ಎರೆಹೊಲಗಳೇ ಹೆಚ್ಚು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ ಬರುವ ಸೀಮೆ. ಇಂಥ ಕಡೆ ಗೋಧಿ ಬಿಟ್ಟು ಊಟ ಮಾಡುವುದು ಕಷ್ಟವಲ್ಲ. ಆದರೂ ಮನೆಯಲ್ಲಿ ಒಬ್ಬರು ಇನ್ನು ಗೋಧಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ ದಿನ ಹೆಣ್ಣುಮಕ್ಕಳಿಗೆ ಮೊದಲು ಹತ್ತುವ ಚಿಂತೆ ಬೆಳಗಿನ ನಾಷ್ಟಾದ್ದು. ಮಧ್ಯಾಹ್ನಕ್ಕೆ ರೊಟ್ಟಿ, ಅನ್ನ ಇದ್ದೇ ಇವೆ. ಬೆಳಿಗ್ಗೆ ಮಾತ್ರ ರವೆ ಉಪ್ಪಿಟ್ಟು, ಶಾವಿಗೆ, ಚಪಾತಿ, ಪೂರಿ, ಚಹಾದ ಜೊತೆ ಬಿಸ್ಕೀಟು, ಮಾರವಾಡಿ ಮತ್ತು ಗುಜರಾತಿ ಮನೆಗಳಲ್ಲಿ ಖಾಖ್ರಾ. ಎಲ್ಲವೂ ಗೋಧಿಯೇ.

ಡಾಕ್ಟರು ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಡ್ಲಿ, ದೋಸೆ, ಸಾಬೂದಾಣಿ, ಆಲೂಗಡ್ಡೆ ಇರುತ್ತವೆ. ಪಟ್ಟಿ ತಪ್ಪಲ್ಲ, ಆದರೆ ಜೈನರ ಅಡುಗೆಮನೆ ನೋಡಿ ಬರೆದದ್ದಲ್ಲ. ರಾತ್ರಿಯಿಡೀ ಹುಳಿ ಬಂದ ಹಿಟ್ಟು ತಂಗಳಾಯಿತು ಎಂದು ನಿಯಮ ಹಿಡಿದ ಮನೆಗಳಲ್ಲಿ ಇಡ್ಲಿ, ದೋಸೆ ಮಾಡುವುದಿಲ್ಲ. ಸಾಬೂದಾಣಿ ತಯಾರಾಗುವುದು ಮರಗೆಣಸಿನಿಂದ, ಆಲೂಗಡ್ಡೆಯಂತೆ ಅದೂ ಕಂದಮೂಲವೇ. ಅಂಗಡಿಯ ‘ಗ್ಲುಟೆನ್ ಮುಕ್ತ’ ಬ್ರೆಡ್ಡು, ಹಿಟ್ಟಿನ ಪಾಕೀಟುಗಳಲ್ಲಿಯೂ ಎಷ್ಟೋ ಸಲ ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ ಇರುತ್ತವೆ. ಪಾಕೀಟಿನ ಹಸಿರು ಚುಕ್ಕೆ ನೋಡಿದರೆ ಮೊಟ್ಟೆ, ಮಾಂಸ ಇಲ್ಲ ಎಂದು ತಿಳಿಯುತ್ತದೆ, ಗಡ್ಡೆ ಇಲ್ಲ ಎಂದು ತಿಳಿಯುವುದಿಲ್ಲ. ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು.

ಗೋಧಿ ಯಾಕೆ ಆಗದು

ಗೋಧಿ, ಜವೆಗೋಧಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ಇದೆ. ಕಣಕಕ್ಕೆ ಜಿಗಿ ಬರುವುದು ಇದರಿಂದಲೇ. ಸೀಲಿಯಾಕ್ ರೋಗ ಇದ್ದವರಲ್ಲಿ ಇದು ಹೊಟ್ಟೆಗೆ ಹೋದರೆ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಕೆಡಿಸಿಕೊಳ್ಳುತ್ತದೆ. ಭೇದಿ, ಹೊಟ್ಟೆ ಉಬ್ಬರ, ಕಬ್ಬಿಣದ ಗುಳಿಗೆ ನುಂಗಿದರೂ ಹೋಗದ ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಇದರ ಲಕ್ಷಣಗಳು. ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರ ಪ್ರಬಂಧ ಬಂದದ್ದು 1950ರಲ್ಲಿ. ಇಂದಿಗೂ ಇದಕ್ಕಿರುವ ಚಿಕಿತ್ಸೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡುವುದು.

ನಮ್ಮ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತದ ದೊಡ್ಡವರಲ್ಲಿ ಶೇ. 1.23 ಮಂದಿಯ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಕಂಡವು, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಮಾತ್ರ. ದಕ್ಷಿಣದಲ್ಲಿ ಗೋಧಿ ಊಟವೂ ಬಹಳ ಕಡಿಮೆ. ರಾಜಸ್ಥಾನ, ಗುಜರಾತ್ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲಿ ನೆಲೆಸಿದ, ಮೂರು ಹೊತ್ತೂ ಗೋಧಿ ಬಳಸುವ ಮನೆಗಳು ಈ ಲಕ್ಷಣಗಳನ್ನು ‘ಬರೀ ಅಜೀರ್ಣ’ ಎಂದು ತಳ್ಳಿಹಾಕದಿರುವುದು ಒಳ್ಳೆಯದು. ಒಂದು ಎಚ್ಚರಿಕೆ: ಸಂಶಯ ಬಂದ ಕೂಡಲೇ ಗೋಧಿ ನಿಲ್ಲಿಸಬಾರದು. ಗೋಧಿ ತಿನ್ನುತ್ತಿರುವಾಗ ಮಾತ್ರ ರಕ್ತ ಪರೀಕ್ಷೆಯಲ್ಲಿ, ಕರುಳಿನ ತುಣುಕು ಪರೀಕ್ಷೆಯಲ್ಲಿ ರೋಗ ಸರಿಯಾಗಿ ಗೊತ್ತಾಗುತ್ತದೆ.

ಕಾಣದ ಗೋಧಿ

ಚಪಾತಿ ಬಿಡುವುದು ಸುಲಭ. ಕಣ್ಣಿಗೆ ಕಾಣದ ಗೋಧಿಯೇ ರೋಗಿಯನ್ನು ಕಾಡುವುದು, ಮತ್ತು ಜೈನರ ಮನೆಯಲ್ಲಿ ಅದರ ಮೊದಲ ಜಾಗ ಇಂಗಿನ ಡಬ್ಬಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಅಡುಗೆಗೆ ಇಂಗೇ ರುಚಿ. ಆದರೆ ಅಪ್ಪಟ ಇಂಗು ಬಹಳ ಘಾಟು, ಬೆಲೆಯೂ ಬಹಳ. ಆದ್ದರಿಂದ ಪೇಟೆಯಲ್ಲಿ ಸಿಗುವುದು ಹಿಟ್ಟು, ಅಂಟು ಬೆರೆಸಿದ ಇಂಗು, ಆ ಹಿಟ್ಟು ಹೆಚ್ಚಾಗಿ ಗೋಧಿಯದು ಅಥವಾ ಮೈದಾ. ದಿನಾ ಒಗ್ಗರಣೆಗೆ ಚಿಟಿಕೆ ಇಂಗು ಹಾಕಿ, ಮಗುವಿಗೆ ಗೋಧಿ ಬಿಡಿಸಿದರೂ ಗುಣ ಕಾಣಲಿಲ್ಲ ಎಂದರೆ ಪ್ರಯೋಜನವಿಲ್ಲ. ಅಕ್ಕಿಹಿಟ್ಟು ಬೆರೆಸಿದ, ಗ್ಲುಟೆನ್ ಮುಕ್ತ ಎಂದು ಬರೆದ ಇಂಗೂ ಸಿಗುತ್ತದೆ. ಎಫ್‌ಎಸ್‌ಎಸ್‌ಎಐ ನಿಯಮದಂತೆ ಹಾಗೆ ಬರೆಯಬೇಕಾದರೆ 1 ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ. ಬಿಡಿ ಇಂಗು ಕೊಳ್ಳದಿರುವುದೇ ಲೇಸು, ಅದರಲ್ಲಿ ಏನು ಬೆರೆಸಿದೆ ಎಂಬುದು ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ.

ಎರಡನೆಯದು ಗಿರಣಿ. ಹಿಂದಿನವರ ಗೋಧಿ ಬೀಸಿದ ಮೇಲೆ ನಮ್ಮ ಜೋಳ ಹಾಕಿದರೆ, ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಡಬ್ಬಿಗೆ ಬರುತ್ತದೆ. ಜೋಳಕ್ಕೆಂದೇ ಬೇರೆ ಯಂತ್ರ ಇಟ್ಟ ಗಿರಣಿ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಬೇಕು. ದಿಗಂಬರ ಸಂಪ್ರದಾಯದಲ್ಲಿ ಹಿಟ್ಟಿನ ಮರ್ಯಾದೆ ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7. ಅದನ್ನು ಪಾಲಿಸುವ ಮನೆಯವರು ಹೇಗೂ ಸ್ವಲ್ಪ ಸ್ವಲ್ಪವೇ ಬೀಸುತ್ತಾರೆ, ಅವರಿಗೆ ಮನೆಯ ಗಿರಣಿ ಭಾರವಾಗದು. ಜೋಳಕ್ಕೂ ಇದು ಒಳ್ಳೆಯದೇ. ಜೋಳದಲ್ಲಿ ಗ್ಲುಟೆನ್ ಇಲ್ಲದ್ದರಿಂದ ಎಸರು ಹಾಕಿ ನಾದಿದಾಗ ಬರುವ ಜಿಗಿಯ ಮೇಲೇ ರೊಟ್ಟಿ ನಿಲ್ಲಬೇಕು, ಹಿಟ್ಟು ಹಳತಾದಷ್ಟೂ ಆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಖಾನಾವಳಿಗಳಲ್ಲಿ ರೊಟ್ಟಿ ಹರಿಯಬಾರದೆಂದು ಗೋಧಿಹಿಟ್ಟು ಬೆರೆಸುವುದೂ ಉಂಟು, ಕೇಳಿಯೇ ತಿನ್ನಬೇಕು.

ಇನ್ನು ಮಕ್ಕಳ ಹಾಲಿಗೆ ಹಾಕುವ ಮಾಲ್ಟ್ ಪುಡಿ ಹೆಚ್ಚಾಗಿ ಜವೆಗೋಧಿಯದು. ಓಟ್ಸ್‌ನಲ್ಲಿ ಗೋಧಿ ಬೆರಕೆ ಸಾಮಾನ್ಯ. ಹಿಟ್ಟಿನ ಸಾಣಿಗೆ, ಕಲಸುವ ಪರಾತ ಬೇರೆ ಇಡಬೇಕು, ಹಂಚು ಒಂದೇ ಇದ್ದರೆ ತೊಳೆದು ಮೊದಲು ಜೋಳದ ರೊಟ್ಟಿ, ಆಮೇಲೆ ಚಪಾತಿ.

ಬೆಳಿಗ್ಗೆ ಏನು ಮಾಡಬಹುದು

ಸೂರ್ಯೋದಯವಾಗಿ 48 ನಿಮಿಷ ಕಳೆದ ಮೇಲೆ ಬಾಯಿಗೆ ನೀರು ಹಾಕುವ ನವಕಾರಸಿ ಮನೆಗಳಿಗೆ ಒಂದು ಅನುಕೂಲವಿದೆ. ಬೆಳಕಾದ ಮೇಲೆ ನೆನೆಹಾಕಿದರೂ ಬಹಳ ತಡವಾಗುವುದಿಲ್ಲ.

ಎಲ್ಲಕ್ಕಿಂತ ಬೇಗ ಆಗುವುದು ನಮ್ಮ ಸೀಮೆಯ ಮಂಡಕ್ಕಿ ಸೂಸಲ. ಮಂಡಕ್ಕಿ ನೀರಿನಲ್ಲಿ ಅದ್ದಿ ಹಿಂಡಿ, ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಶೇಂಗಾ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು, ನಿಂಬೆರಸ. ಉಳ್ಳಾಗಡ್ಡಿಯ ಜಾಗದಲ್ಲಿ ಸಣ್ಣಗೆ ಹೆಚ್ಚಿದ ಟೊಮ್ಯಾಟೊ, ಕಾಲ ಇದ್ದರೆ ಮಾವಿನಕಾಯಿ ತುರಿ. ಮಾವಿನಕಾಯಿಯ ಸೂಸಲ ತಿಂದವರು ಉಳ್ಳಾಗಡ್ಡಿ ಕೇಳುವುದಿಲ್ಲ. ಪುಟಾಣಿ ಮನೆಯಲ್ಲೇ ಪುಡಿ ಮಾಡಿಕೊಳ್ಳಬೇಕು. ಪುಟಾಣಿ ಬೇಳೆಯ ಜಾತಿ, ಆದ್ದರಿಂದ ಜೊತೆಗೆ ಹಸಿ ಮೊಸರು ಇಟ್ಟರೆ ದ್ವಿದಳ ದೋಷ. ಅವಲಕ್ಕಿಯೂ ಹೀಗೆಯೇ, ಆಲೂಗಡ್ಡೆ ಬದಲು ಹಸಿ ಕೊಬ್ಬರಿ ಸಾಕು.

ಉಪ್ಪಿಟ್ಟು ತಿಂದೇ ಅಭ್ಯಾಸವಾದವರಿಗೆ ನವಣೆ ಅಕ್ಕಿಯ ಉಪ್ಪಿಟ್ಟು ಹಿಡಿಸುತ್ತದೆ. ಒಂದು ಲೋಟ ನವಣೆಯನ್ನು ಎರಡು ಮೂರು ಸಲ ತೊಳೆದು, ನೀರು ಬಸಿದು, ಎಣ್ಣೆಯಲ್ಲಿ ಸ್ವಲ್ಪ ಹುರಿದು, ಎರಡೂವರೆ ಲೋಟ ಕುದಿನೀರು ಹಾಕಿ ಮುಚ್ಚಿಟ್ಟರೆ ಉದುರುದುರಾಗಿ ಬರುತ್ತದೆ. ಜೋಳದ ರವೆಗೆ ನೀರು ಹೆಚ್ಚು ಬೇಕು, ಸುಮಾರು ಮೂರು ಪಟ್ಟು, ಅರ್ಧ ತಾಸು ನೆನೆಸಿದರೆ ಬೇಗ ಬೇಯುತ್ತದೆ. ಶಾವಿಗೆ ಬೇಕೇ ಬೇಕೆಂದರೆ ಅಕ್ಕಿ ಶಾವಿಗೆ ತರಬೇಕು, ನಮ್ಮ ಕಡೆ ಹೊಸೆಯುವುದು ಗೋಧಿಯದು.

ದೋಸೆ ಬಿಡಬೇಕಾಗಿಲ್ಲ. ಹೆಸರುಬೇಳೆ ಬೆಳಕಾದ ಮೇಲೆ ಒಂದೂವರೆ ಎರಡು ತಾಸು ನೆನೆಸಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬಿ ಆಗಲೇ ಹುಯ್ಯಬಹುದು, ಹುಳಿ ಬರಿಸುವ ಮಾತೇ ಇಲ್ಲ. ತುಸು ಅಕ್ಕಿಹಿಟ್ಟು ಬೆರೆಸಿದರೆ ಗರಿಯಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ದಿನ ಅಷ್ಟು ಹೊತ್ತಿಲ್ಲದಿದ್ದರೆ ಕಡಲೆಹಿಟ್ಟಿನ ದೋಸೆ. ಕರಾವಳಿಯ ಮನೆಗಳ ನೀರುದೋಸೆ, ಮೈಸೂರು ಕಡೆಯ ಅಕ್ಕಿರೊಟ್ಟಿ, ರಾಗಿರೊಟ್ಟಿಗೂ ಹುಳಿ ಬೇಕಿಲ್ಲ.

ತಾಳಿಪಟ್ಟಿಗೆ ಜೋಳದ ಹಿಟ್ಟು, ಕಡಲೆಹಿಟ್ಟು, ಅಕ್ಕಿಹಿಟ್ಟು ಸಾಕು, ಸೋರೆಕಾಯಿ ತುರಿ ಹಾಕಿದರೆ ಮೆತ್ತಗಿರುತ್ತದೆ. ಪರ್ಯೂಷಣ, ದಶಲಕ್ಷಣದಲ್ಲಿ, ಅಷ್ಟಮಿ ಚತುರ್ದಶಿಗೆ ಹಸಿರು ಬಿಟ್ಟವರು ಎಳ್ಳು, ಅಜಿವಾನ ಹಾಕಿ ಮಾಡಬಹುದು. ನಾಗರಪಂಚಮಿಯ ಹೊತ್ತಿಗೆ ಮಾಡುವ ಜೋಳದ ಅಳ್ಳಿಟ್ಟು, ಬೆಲ್ಲ, ಹಾಲು ಕಲಸಿ ಕೊಟ್ಟರೆ ಮಾಲ್ಟ್ ಪುಡಿ ಬಿಟ್ಟ ಮಕ್ಕಳಿಗೆ ಇಷ್ಟವಾಗುತ್ತದೆ. ಮತ್ತು ಬಿಸಿರೊಟ್ಟಿ, ಗುರೆಳ್ಳು ಪುಡಿ, ಎಣ್ಣೆ ಬೆಳಿಗ್ಗೆಯೂ ನಡೆಯುತ್ತದೆ, ಹೊಲಕ್ಕೆ ಹೋಗುವ ಎಷ್ಟೋ ಮನೆಗಳಲ್ಲಿ ನಾಷ್ಟಾ ಎಂದರೆ ಅದೇ.

ತಪಸ್ಸು ಮತ್ತು ಸಾಮೂಹಿಕ ನಾಷ್ಟಾ

ಆಯಂಬಿಲದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಕರಿದದ್ದು ಇಲ್ಲ. ಜೋಳದ ರೊಟ್ಟಿ, ಅನ್ನ, ಬೇಯಿಸಿದ ಬೇಳೆ ಅದಕ್ಕೆ ಸಲ್ಲುತ್ತವೆ. ಸೀಲಿಯಾಕ್ ಇದ್ದವರು ಉಪವಾಸ ಹಿಡಿಯುವ ಮೊದಲು ಡಾಕ್ಟರನ್ನು ಕೇಳುವುದು ಅಗತ್ಯ. ಕರುಳು ಇನ್ನೂ ಮಾಗದಿದ್ದಾಗ ದೇಹದಲ್ಲಿ ರಕ್ತ, ಶಕ್ತಿ ಮೊದಲೇ ಕಡಿಮೆ ಇರುತ್ತದೆ.

ಪಾರಣೆಯ ಬೆಳಿಗ್ಗೆ ರವೆ ಶಿರಾ, ಗೋಧಿಯ ರಾಬ್ ಇಟ್ಟಿರುತ್ತಾರೆ. ಗೋಧಿ ಆಗದವರಿಗೆ ಹೆಸರುಬೇಳೆಯ ಕಟ್ಟು, ಅಕ್ಕಿ ಗಂಜಿ. ಬಡಿಸುವವರು ನೆನಪಿಡಬೇಕಾದದ್ದು ಸೌಟು: ಶಿರಾದ ಸೌಟು ಗಂಜಿಗೆ ಹಾಕಿದರೆ ಬೇರೆ ಮಾಡಿದ್ದು ವ್ಯರ್ಥ. ಗಂಜಿಯ ಪಾತ್ರೆ ಮೇಜಿನ ಕೊನೆಯಲ್ಲಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅದರದೇ ಸೌಟಿನೊಡನೆ ಇಡಬೇಕು. ಅದರಲ್ಲಿ ಒಗ್ಗರಣೆ ಇದ್ದರೆ ಯಾವ ಇಂಗು ಹಾಕಿದ್ದು ಎಂದು ಅಡುಗೆಯವರನ್ನು ಕೇಳಿಯೇ ಬಡಿಸಬೇಕು. ಹೆಸರು ಕೊಡುವಾಗಲೇ ‘ಗೋಧಿ ಆಗದು’ ಎಂದು ಬರೆಸಿದರೆ ಅಡುಗೆಯವರಿಗೆ ಹಿಂದಿನ ದಿನವೇ ಹೇಳಲು ಅನುಕೂಲ.