ಸಾಕುಪ್ರಾಣಿ ವಿಮೆ: ವೆಚ್ಚ ಮತ್ತು ಪ್ರಯೋಜನದ ಚರಿತ್ರೆ

ಮನೆಯಲ್ಲಿ ಸಾಕಿದ ನಾಯಿ, ಬೆಕ್ಕುಗಳ ಚಿಕಿತ್ಸೆ, ಸಾವು, ಕಳವು, ಅವುಗಳಿಂದ ಪರರಿಗಾಗುವ ಹಾನಿ ಇವುಗಳ ಖರ್ಚನ್ನು ಮಾಲೀಕರಿಂದ ಕಂತು ಕಟ್ಟಿಸಿಕೊಂಡ ಕಂಪನಿ ಭರಿಸುವ ಏರ್ಪಾಡೇ ಸಾಕುಪ್ರಾಣಿ ವಿಮೆ. ಇದರ ಹುಟ್ಟಿಗೆ ನಾಲ್ಕು ಇಸವಿಗಳು ಚಲಾವಣೆಯಲ್ಲಿವೆ: 1890, 1924, 1947, 1982. ನಾಲ್ಕರಲ್ಲೂ ಹುರುಳಿದೆ, ಆದರೆ ಅವು ಒಂದೇ ಸಂಗತಿಯ ಬಗ್ಗೆ ಹೇಳುತ್ತಿಲ್ಲ. ಜನಪ್ರಿಯ ಬರಹಗಳು ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ, ರೈತನ ಎತ್ತಿನ ವಿಮೆಯೇ ನಿಧಾನವಾಗಿ ನಗರದ ನಾಯಿಯ ಆರೋಗ್ಯ ವಿಮೆಯಾಗಿ ಬೆಳೆಯಿತೆಂಬ ಭಾವನೆ ಹುಟ್ಟಿಕೊಂಡಿದೆ.

1890ರ ಶ್ರೇಯಸ್ಸನ್ನು ಸಾಮಾನ್ಯವಾಗಿ ಸ್ವೀಡನ್ನಿನ ಕ್ಲಾಸ್ ವಿರ್ಗಿನ್ ಅವರಿಗೆ ಕೊಡಲಾಗುತ್ತದೆ. ಅವರು ವಿಮೆ ಇಳಿಸಿದ್ದು ಕುದುರೆ ಮತ್ತು ಜಾನುವಾರುಗಳಿಗೆ. ಆ ಲೆಕ್ಕದಲ್ಲಿ ನೋಡಿದರೂ ಅವರು ಮೊದಲಿಗರಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಡ ಕೂಲಿಕಾರರು ಸೇರಿ ಕಟ್ಟಿಕೊಂಡ ಹಸುವಿನ ಸಂಘಗಳು 19ನೆಯ ಶತಮಾನದಲ್ಲಿ ನಡೆಯುತ್ತಿದ್ದವು. ಸದಸ್ಯರ ಹಸು ಸತ್ತರೆ ಸಂಘದ ನಿಧಿಯಿಂದ ಪರಿಹಾರ ಸಿಗುತ್ತಿತ್ತು. ಜರ್ಮನಿಯ ಯೂಲ್ಸೆನ್ ಪಟ್ಟಣದ ಜಾನುವಾರು ವಿಮಾ ಸಂಸ್ಥೆ 1873ರದು. ಅದು ಇಂದಿಗೂ ಪ್ರಾಣಿ ವಿಮೆಯ ವ್ಯವಹಾರದಲ್ಲಿದೆ. 1924ರಲ್ಲಿ ಸ್ವೀಡನ್ನಿನಲ್ಲಿ ಒಂದು ನಾಯಿಗೆ ಪಾಲಿಸಿ ಸಿಕ್ಕಿತು, 1947ರಲ್ಲಿ ಬ್ರಿಟನ್ನಿಗೂ ಅದು ಬಂತು.

ನಿಜವಾದ ತಿರುವು ಯಾವ ‘ಮೊದಲ’ ಪಾಲಿಸಿಯಲ್ಲೂ ಇಲ್ಲ. ಜಾನುವಾರು ವಿಮೆಯ ತಳಹದಿ ಪ್ರಾಣಿಯ ಮಾರುಕಟ್ಟೆ ಬೆಲೆ. ಹಸು ಸತ್ತರೆ ಸಿಗುವುದು ಅದರ ಬೆಲೆಯೊಳಗಿನ ಮೊತ್ತ. ಬೀದಿಯಿಂದ ತಂದ ಬೆಕ್ಕಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ, ಆದರೂ ಅದರ ಮುರಿದ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಸಾವಿರಾರು ರೂಪಾಯಿ ಬೇಕು. ವಿಮಾ ಮೊತ್ತ ಪ್ರಾಣಿಯ ಬೆಲೆಯನ್ನು ಬಿಟ್ಟು ಆಸ್ಪತ್ರೆಯ ಬಿಲ್ಲಿಗೆ ಅಂಟಿಕೊಂಡಾಗ ಈಗಿನ ಸಾಕುಪ್ರಾಣಿ ವಿಮೆ ಶುರುವಾಯಿತು. ಬ್ರಿಟನ್ನಿನಲ್ಲಿ ಈ ಬದಲಾವಣೆಯನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಪ್ರಮುಖರು, 1970ರ ದಶಕದ ನಡುವಿನಲ್ಲಿ ಪೆಟ್‌ಪ್ಲಾನ್ ಕಂಪನಿ ಕಟ್ಟಿದ ಪ್ಯಾಟ್ಸಿ ಬ್ಲೂಮ್ ಮತ್ತು ಡೇವಿಡ್ ಸಿಂಪ್ಸನ್.

ಅಮೆರಿಕದ ದಾಖಲೆಯಲ್ಲಿ ಗೊಂದಲ ಇರುವುದು ಎರಡು ವರ್ಷಗಳದ್ದು. ಕ್ಯಾಲಿಫೋರ್ನಿಯಾದ ಪಶುವೈದ್ಯ ಜ್ಯಾಕ್ ಸ್ಟೀಫನ್ಸ್ 1980ರಲ್ಲಿ ವೆಟರ್ನರಿ ಪೆಟ್ ಇನ್ಶೂರೆನ್ಸ್ ಕಂಪನಿಯನ್ನು ಆರಂಭಿಸಿದರು. ಅದಕ್ಕೆ ಬಂಡವಾಳ ಹಾಕಿದವರು ನೂರಾರು ಪಶುವೈದ್ಯರೇ. ಮೊದಲ ಪಾಲಿಸಿ ಹೊರಬಿದ್ದದ್ದು 1982ರಲ್ಲಿ, ಟೆಲಿವಿಷನ್ ತಾರೆಯಾದ ಲ್ಯಾಸಿ ಎಂಬ ನಾಯಿಯ ಹೆಸರಿನಲ್ಲಿ. ಪ್ರಚಾರಕ್ಕೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದು ಕಷ್ಟವಿತ್ತು. ಸ್ಟೀಫನ್ಸ್ ಹೇಳುತ್ತಿದ್ದ ಕಾರಣ ಮಾತ್ರ ಅಷ್ಟು ಹಗುರವಾದುದಲ್ಲ. ಖರ್ಚು ಭರಿಸಲಾಗದ ಕುಟುಂಬವೊಂದರ ನಾಯಿಗೆ ಅವರು ದಯಾಮರಣ ಕೊಟ್ಟಿದ್ದರು. ಮುಂದೆ ದಿನಸಿ ಅಂಗಡಿಯಲ್ಲಿ ಎದುರಾದ ಆ ಮನೆಯ ಮಗು, ನಮ್ಮ ನಾಯಿಯನ್ನು ಕೊಂದವರು ಇವರೇ ಎಂದು ತಾಯಿಗೆ ತೋರಿಸಿತಂತೆ. ಕಂಪನಿ ಮುಂದೆ ನೇಷನ್‌ವೈಡ್ ವಿಮಾ ಸಮೂಹಕ್ಕೆ ಸೇರಿತು.

ನಂತರದ ಎರಡು ದಶಕಗಳಲ್ಲಿ ಕಂಪನಿಗಳು ಹೆಚ್ಚಿದವು. 2007ರಲ್ಲಿ ಮೆಲಮಿನ್ ಬೆರೆತ ಆಹಾರ ತಿಂದು ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟ ಪ್ರಕರಣ ಅಮೆರಿಕವನ್ನು ಬೆಚ್ಚಿಬೀಳಿಸಿತು, ಹಠಾತ್ ಚಿಕಿತ್ಸೆಯ ಖರ್ಚಿನ ಪ್ರಶ್ನೆಯನ್ನೂ ಮುಂದಿಟ್ಟಿತು. ಉತ್ತರ ಅಮೆರಿಕದ ಸಾಕುಪ್ರಾಣಿ ವಿಮಾದಾರರ ಸಂಘ ರಚನೆಯಾದದ್ದೂ ಅದೇ ವರ್ಷ.

ಆ ಸಂಘದ ಲೆಕ್ಕದ ಪ್ರಕಾರ 2023ರಲ್ಲಿ ಅಮೆರಿಕದಲ್ಲಿ ಅಪಘಾತ ಮತ್ತು ಕಾಯಿಲೆ ಎರಡನ್ನೂ ಒಳಗೊಂಡ ಪಾಲಿಸಿಯ ಸರಾಸರಿ ವಾರ್ಷಿಕ ಕಂತು ನಾಯಿಗೆ ಸುಮಾರು 676 ಡಾಲರ್, ಬೆಕ್ಕಿಗೆ ಸುಮಾರು 383 ಡಾಲರ್. ಸರಾಸರಿ ಇಲ್ಲಿ ಬಹಳಷ್ಟನ್ನು ಮರೆಮಾಡುತ್ತದೆ. ತಳಿ, ಊರು, ಎಲ್ಲಕ್ಕಿಂತ ಹೆಚ್ಚಾಗಿ ವಯಸ್ಸು ಕಂತನ್ನು ನಿರ್ಧರಿಸುತ್ತವೆ. ಮರಿಯಿದ್ದಾಗ ಅಗ್ಗವಾಗಿ ಸಿಕ್ಕ ಪಾಲಿಸಿ, ಕ್ಲೇಮು ಬರುವ ಮುಪ್ಪಿನಲ್ಲಿ ದುಬಾರಿಯಾಗುತ್ತದೆ. ಆಗ ಕಂಪನಿ ಬದಲಿಸಲು ಹೋದರೆ ಅಷ್ಟರಲ್ಲಿ ಅಂಟಿಕೊಂಡ ಕಾಯಿಲೆಗಳನ್ನು ಹೊಸ ಕಂಪನಿ ಒಪ್ಪುವುದಿಲ್ಲ. ಕಂತು ಕಟ್ಟುತ್ತಿದ್ದವರನ್ನೇ ಕೈಬಿಟ್ಟ ಉದಾಹರಣೆಯೂ ಇದೆ: 2024ರಲ್ಲಿ ನೇಷನ್‌ವೈಡ್ ಸುಮಾರು 1 ಲಕ್ಷ ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದಿತು, ಚಿಕಿತ್ಸಾ ವೆಚ್ಚದ ಏರಿಕೆ ಅದು ಕೊಟ್ಟ ಕಾರಣಗಳಲ್ಲೊಂದು.

ಕಟ್ಟಿದ ಹಣಕ್ಕೆ ತಕ್ಕ ಪ್ರಯೋಜನವಿದೆಯೇ ಎಂಬ ವಾದದಲ್ಲಿ ಎರಡು ಕಡೆಯವರೂ ಬೇರೆ ಬೇರೆ ತಕ್ಕಡಿ ಹಿಡಿದಿದ್ದಾರೆ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2011ರಲ್ಲಿ ನ್ಯೂಯಾರ್ಕ್ ರಾಜ್ಯದ ಹತ್ತು ವರ್ಷದ ಬೀಗಲ್ ನಾಯಿಯೊಂದರ ಜೀವಮಾನದ ವೈದ್ಯಕೀಯ ಬಿಲ್ಲುಗಳನ್ನು ಒಂಬತ್ತು ಪಾಲಿಸಿಗಳ ಎದುರಿಗಿಟ್ಟು ನೋಡಿತು. ಬಹುಮಟ್ಟಿಗೆ ಆರೋಗ್ಯವಾಗಿದ್ದ ಆ ನಾಯಿಗೆ ಒಂದು ಪಾಲಿಸಿಯೂ ಲಾಭ ತರುತ್ತಿರಲಿಲ್ಲ. ಲೆಕ್ಕಕ್ಕೆ ಒಂದೆರಡು ದೊಡ್ಡ ಕಾಯಿಲೆಗಳನ್ನು ಸೇರಿಸಿದಾಗ ಹಲವು ಪಾಲಿಸಿಗಳು ಗೆದ್ದವು. ಅಂದರೆ ಉತ್ತರ ನಾಯಿಯ ಅದೃಷ್ಟವನ್ನು ಅವಲಂಬಿಸಿತ್ತು.

ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಅಳತೆಗೋಲು ಹಣವಲ್ಲ. ದೊಡ್ಡ ತಳಿಯ ನಾಯಿಗಳಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆಯೊಂದಿದೆ. ತಕ್ಷಣ ಶಸ್ತ್ರಚಿಕಿತ್ಸೆ ಮಾಡಿದರೆ ಹೆಚ್ಚಿನವು ಬದುಕುತ್ತವೆ, ಇಲ್ಲದಿದ್ದರೆ ಸಾವು ಖಚಿತ. ತುರ್ತು ಚಿಕಿತ್ಸಾಲಯಕ್ಕೆ ಬಂದ ಇಂಥ ನಾಯಿಗಳಲ್ಲಿ ವಿಮೆ ಇಲ್ಲದವುಗಳ ಪೈಕಿ ಶೇ. 37ರಷ್ಟಕ್ಕೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ದಯಾಮರಣ ಕೊಡಲಾಗಿತ್ತು. ವಿಮೆ ಇದ್ದವುಗಳಲ್ಲಿ ಆ ಪ್ರಮಾಣ ಶೇ. 10. ಸ್ಟೀಫನ್ಸ್ ಹೇಳುತ್ತಿದ್ದ ದಿನಸಿ ಅಂಗಡಿಯ ಕಥೆಗೆ ಸಿಕ್ಕ ಅಂಕಿಅಂಶದ ರುಜುವಾತು ಎಂದರೆ ಇದೇ.

ವಿಮೆಯೇ ಚಿಕಿತ್ಸೆಯ ದರ ಏರಿಸುತ್ತದೆ ಎಂಬ ಆರೋಪ ಹಳೆಯದು. ಅರ್ಥಶಾಸ್ತ್ರಜ್ಞರಾದ ಲಿರನ್ ಐನಾವ್, ಏಮಿ ಫಿಂಕೆಲ್‌ಸ್ಟೈನ್ ಮತ್ತು ಅತುಲ್ ಗುಪ್ತಾ 2017ರ ಪ್ರಬಂಧದಲ್ಲಿ ಇದಕ್ಕೆ ಅಡ್ಡಗಾಲು ಹಾಕಿದರು. ವಿಮೆ ಬಹಳ ಕಡಿಮೆ ಇರುವ ಅಮೆರಿಕದ ಸಾಕುಪ್ರಾಣಿ ಚಿಕಿತ್ಸೆಯಲ್ಲೂ ಖರ್ಚು ಮನುಷ್ಯರ ಚಿಕಿತ್ಸೆಯಷ್ಟೇ ರಭಸದಿಂದ ಏರಿದೆ, ಕೊನೆಗಾಲದಲ್ಲಿ ಅಲ್ಲೂ ಹಣ ಸುರಿಯುತ್ತದೆ ಎಂದು ಅವರು ತೋರಿಸಿದರು. ಬ್ರಿಟನ್ನಿನಲ್ಲಿ ಅನುಮಾನ ಆಸ್ಪತ್ರೆಗಳ ಒಡೆತನದ ಕಡೆ ತಿರುಗಿದೆ. 2013ರಲ್ಲಿ ಸುಮಾರು ಶೇ. 10ರಷ್ಟು ಪಶು ಚಿಕಿತ್ಸಾಲಯಗಳು ದೊಡ್ಡ ಸಮೂಹಗಳ ಕೈಯಲ್ಲಿದ್ದರೆ, ಈಗ ಆ ಪಾಲು ಶೇ. 60ರ ಆಸುಪಾಸು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2024ರ ಮೇನಲ್ಲಿ ವಿಧಿವತ್ತಾದ ತನಿಖೆ ಆರಂಭಿಸಿತು. ವಿಮಾದಾರರು ಕ್ಲೇಮುಗಳಿಗೆ ಕೊಡುವ ಮೊತ್ತ ಅಲ್ಲಿ ವರ್ಷಕ್ಕೆ 100 ಕೋಟಿ ಪೌಂಡ್ ದಾಟಿದೆ.

ನಾಯಿಗಳಲ್ಲಿ ಬಹುಪಾಲು ವಿಮೆಯಲ್ಲಿರುವ ಸ್ವೀಡನ್ನಿನಲ್ಲಿ ಯಾರೂ ಲೆಕ್ಕ ಹಾಕಿರದ ಪ್ರಯೋಜನವೊಂದು ದಕ್ಕಿತು. ಅಗ್ರಿಯಾ ಕಂಪನಿಯ ಕ್ಲೇಮು ದಾಖಲೆಗಳು ಯಾವ ತಳಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬರುತ್ತದೆಂಬುದರ ಭಂಡಾರವಾದವು. ತಳಿ ಆರೋಗ್ಯದ ಬಗೆಗಿನ ಅನೇಕ ಸಂಶೋಧನೆಗಳಿಗೆ ಅವೇ ಆಧಾರ.

ಭಾರತದಲ್ಲಿ ಬೆಲೆಗೆ ಅಂಟಿದ ಹಳೆಯ ಪದ್ಧತಿ ಮತ್ತು ಬಿಲ್ಲಿಗೆ ಅಂಟಿದ ಹೊಸದು ಎರಡೂ ಒಟ್ಟಿಗೆ ನಡೆಯುತ್ತಿವೆ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ಸರ್ಕಾರಿ ಕಂಪನಿಗಳ ಮೂಲಕ ಜಾನುವಾರು ವಿಮೆ ಹಬ್ಬಿತು. ಕರ್ನಾಟಕದ ಹಾಲು ಉತ್ಪಾದಕರಿಗೆ ರಾಸು ವಿಮೆ, ಅದರ ಗುರುತಾದ ಕಿವಿಯೋಲೆ ಚಿರಪರಿಚಿತ; ಸತ್ತ ಹಸುವಿನ ಓಲೆ ಕಾಣೆಯಾದರೆ ಪರಿಹಾರ ಸಿಗುವುದು ಕಷ್ಟ ಎಂಬುದೂ ಅವರಿಗೆ ಗೊತ್ತು. ಅದೇ ಕಂಪನಿಗಳ ಹಳೆಯ ನಾಯಿ ಪಾಲಿಸಿಗಳು ಮುಖ್ಯವಾಗಿ ನಾಯಿಯ ಸಾವಿಗೆ, ಅದರ ಬೆಲೆಯ ಮಿತಿಯಲ್ಲಿ ಪರಿಹಾರ ಕೊಡುವಂಥವು. ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ಖರ್ಚನ್ನೇ ಮುಂದಿಟ್ಟುಕೊಂಡು ಬಜಾಜ್ ಅಲಿಯಾನ್ಸ್ 2020ರ ಆಗಸ್ಟಿನಲ್ಲಿ ನಾಯಿ ವಿಮೆ ತಂದಿತು, ಮರುವರ್ಷ ಫ್ಯೂಚರ್ ಜನರಾಲಿ ಬಂತು. ಬಜಾಜಿನ ಪಾಲಿಸಿ ದೇಸಿ ಮತ್ತು ಮಿಶ್ರ ತಳಿಗಳನ್ನೂ ಸೇರಿಸಿಕೊಂಡಿತು. ನಾಯಿಯ ಚರ್ಮದಡಿ ಗುರುತಿನ ಚಿಪ್ ಹಾಕಿಸಿದವರಿಗೆ ಕಂತಿನಲ್ಲಿ ಶೇ. 5ರಷ್ಟು ರಿಯಾಯಿತಿ ಇಟ್ಟಿತು.